ಮಾತ್ರೆಯಮ್ಮನ ಪದಬಂಧಕ್ಕೆ ಕಾರು ಮೇಷ್ಟ್ರ ಕಣ್ಣು

ಕಾರು ಮೇಷ್ಟ್ರ ಕಾರಿಗೆ ಎರಡು ಬ್ರೇಕ್ ಇದ್ದವು. ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದ ಸೀಟಿನಲ್ಲಿ ಕೂತ ಮೇಷ್ಟ್ರ ಕಾಲಡಿ. ಡ್ರೈವಿಂಗ್ ಸ್ಕೂಲಿನ ಕಾರೆಂದರೆ ಹಾಗೇ ಇರಬೇಕು. ಕಲಿಯುವವರು ಗಾಬರಿ ಬಿದ್ದು, ಒತ್ತಬಾರದ್ದನ್ನು ಒತ್ತಿ, ಮುಂದಿನ ಬಸ್ಸಿನ ಬೆನ್ನಿಗೆ ಹೋಗಿ ಗುದ್ದುವುದರಲ್ಲಿದ್ದಾಗ ಮೇಷ್ಟ್ರು ಮುಖದ ಒಂದು ಗೆರೆಯೂ ಅಲುಗದ ಹಾಗೆ ತಮ್ಮ ಬ್ರೇಕ್ ಒತ್ತಿಬಿಡುವರು. ಒತ್ತಿ, "ಭೇಷ್! ಎಷ್ಟು ಚೆನ್ನಾಗಿ ನಿಲ್ಲಿಸಿದ್ರಿ!" ಅನ್ನುವರು. ಕಲಿಯುವವರಿಗೆ ಕೊಂಬು ಬಂದಷ್ಟು ಖುಷಿ. ಈ ಒಂದು ವಿದ್ಯೆಯಿಂದಲೇ ಮೇಷ್ಟ್ರು ಅರ್ಧ ಊರಿಗೆ ಕಾರು ಕಲಿಸಿದ್ದರು. ಅಳುಬುರುಕರು, ಪುಕ್ಕಲರು, ಎಡ ಯಾವುದು ಬಲ ಯಾವುದು ಗೊತ್ತಿಲ್ಲದವರು ಎಲ್ಲರೂ ಹುಡುಕಿಕೊಂಡು ಬರುತ್ತಿದ್ದದ್ದು ಅವರ ಹತ್ತಿರವೇ.

ಅವರ ಹೆಂಡತಿಯ ಜಾತಿಯೇ ಬೇರೆ. ಆಕೆ ದೊಡ್ಡಾಸ್ಪತ್ರೆಯ ಔಷಧಿ ವಿಭಾಗದಲ್ಲಿ ಇದ್ದವರು. ಬೀದಿಯವರೆಲ್ಲ ಮಾತ್ರೆಯಮ್ಮ ಎಂದೇ ಕರೆಯುತ್ತಿದ್ದರು. ಔಷಧಿ ಕೊಡುವ ಕಿಟಕಿಯ ಹಿಂದೆ ನಿಂತು ಜೀವಮಾನ ಕಳೆದವರಿಗೆ "ಸುಮಾರಾಗಿ ಸರಿ" ಎಂಬುದು ಗೊತ್ತಿರುವುದಿಲ್ಲ. ಸರಿ ಅಂದರೆ ಸರಿ, ತಪ್ಪು ಅಂದರೆ ತಪ್ಪು. ಒಮ್ಮೆ ಒಬ್ಬ ದೊಡ್ಡ ಡಾಕ್ಟರು ಗೀಚಿದ ಚೀಟಿಯನ್ನು ಹಿಡಿದು ಮೂರು ಮಹಡಿ ಹತ್ತಿ ಹೋಗಿ, "ಇದನ್ನ ರೋಗಿಗೆ ಕೊಡಬೇಕೋ, ಗೋಡೆಗೆ ಬಳಿಯಬೇಕೋ?" ಎಂದು ಕೇಳಿ ಬಂದಿದ್ದರಂತೆ. ಮೇಷ್ಟ್ರು ಈ ಕತೆಯನ್ನು ಯಾರಾದರೂ ಸಿಕ್ಕರೆ ಸಾಕು, ಹೇಳಿ ಹೇಳಿ ಹಿಗ್ಗುತ್ತಿದ್ದರು.

ಆದರೆ ಹೆಂಡತಿಯ ಒಂದು ಹುಚ್ಚು ಮಾತ್ರ ಅವರಿಗೆ ತಲೆಗೇ ಹೋಗಿರಲಿಲ್ಲ. ಅದು ಇಂಗ್ಲಿಷ್ ಪತ್ರಿಕೆಯ ಪದಬಂಧ. ಸಾದಾ ಪದಬಂಧವಲ್ಲ, ಕ್ರಿಪ್ಟಿಕ್ ಅನ್ನುತ್ತಾರಲ್ಲ, ಆ ಬ್ರಿಟಿಷ್ ಜಾತಿಯ ಕುತಂತ್ರಿ ಪದಬಂಧ. ಅದನ್ನು ಆಕೆಗೆ ಯಾರೂ ಕಲಿಸಲಿಲ್ಲ. ಆಸ್ಪತ್ರೆಯ ಅರಿವಳಿಕೆ ಡಾಕ್ಟರೊಬ್ಬರು ಅರ್ಧ ಬಿಡಿಸಿದ ಪತ್ರಿಕೆಯನ್ನು ಕಿಟಕಿಯ ಹತ್ತಿರ ಮರೆತು ಹೋಗುತ್ತಿದ್ದರು. ಮರುದಿನದ ಪತ್ರಿಕೆಯಲ್ಲಿ ಉತ್ತರ ಬರುತ್ತಿತ್ತು. ಮಾತ್ರೆಯಮ್ಮ ಊಟದ ಬಿಡುವಿನಲ್ಲಿ ಉತ್ತರವನ್ನು ಮುಂದಿಟ್ಟುಕೊಂಡು, ಈ ಸುಳಿವಿಗೆ ಈ ಉತ್ತರ ಹೇಗಾಯಿತು ಎಂದು ಹಿಂದಿನಿಂದ ಮುಂದಕ್ಕೆ ಬಿಚ್ಚುತ್ತಾ ಹೋದರು. ಹೊಲಿದ ಅಂಗಿಯ ಹೊಲಿಗೆ ಬಿಚ್ಚಿ ಹೊಲಿಗೆ ಕಲಿತ ಹಾಗೆ ಕಲಿತರು. ಎಂಥಾ ಹಟ ನೋಡಿ!

ಮದುವೆಯಾದ ಹೊಸದರಲ್ಲಿ ಮೇಷ್ಟ್ರಿಗೂ ಹೇಳಿಕೊಡಲು ನೋಡಿದ್ದರು. "ಕನ್ನಡದಲ್ಲೇ ಒಂದು ಹೇಳ್ತೀನಿ ಕೇಳ್ರೀ. ಹೊಸದು ತಿರುಗಿ ಬಿದ್ದು ಕಾಡಾಯಿತು. ಎರಡೇ ಅಕ್ಷರ."

ಮೇಷ್ಟ್ರು ಯೋಚಿಸಿ, "ಹೊಸ ಸೊಸೆ ತಿರುಗಿ ಬಿದ್ದಳು, ಮನೆ ಕಾಡಾಯ್ತು ಅಂತಲಾ?" ಅಂದಿದ್ದರು.

"ಅಯ್ಯೋ ದೇವರೇ! ಅದೇ ಕಣ್ರೀ ಬಲೆ. ಅದು ಕತೆ ಹೇಳ್ತಾ ಇರೋ ಹಾಗೆ ನಟಿಸುತ್ತೆ, ಕತೆ ಕೇಳಬಾರದು. ಒಂದು ತುದಿಯಲ್ಲಿ ಅರ್ಥ ಇರುತ್ತೆ, ಮಿಕ್ಕಿದ್ದು ಪದ ಕಟ್ಟೋ ವಿಧಾನ. ಹೊಸದು ಅಂದ್ರೆ ನವ. ತಿರುಗಿಸಿ ಓದಿ. ವನ. ವನ ಅಂದ್ರೆ ಕಾಡು. ಆಯ್ತಲ್ಲ!"

"ಕಾಡು ಅಂತ ನೇರವಾಗಿ ಹೇಳೋಕೆ ಆ ಪುಣ್ಯಾತ್ಮನಿಗೆ ಏನು ಬಂದಿತ್ತು ದಾಡಿ?" ಎಂದು ಮೇಷ್ಟ್ರು ಎದ್ದು ಹೋಗಿದ್ದರು. ಅಲ್ಲಿಗೆ ಮೇಷ್ಟ್ರ ವಿದ್ಯಾಭ್ಯಾಸ ಮುಗಿಯಿತು. ಅಲ್ಲಿಂದಾಚೆಗೆ ಮಾತ್ರೆಯಮ್ಮನ ಪದಬಂಧದ ಸಂಗಡಿಗರೆಂದರೆ ಲೈಬ್ರರಿಯ ಮೂಲೆಯ ಮೇಜಿನವರು: ಒಬ್ಬರು ಹಲ್ಲಿನ ಡಾಕ್ಟರಮ್ಮ, ಇನ್ನೊಬ್ಬರು ಮನೆಗಳ ನಕ್ಷೆ ಬರೆಯುವ ಮುದುಕರು. ಶನಿವಾರ ಬೆಳಿಗ್ಗೆ ಮೂವರೂ ತಲೆಗೆ ತಲೆ ತಾಗಿಸಿ ಕೂತರೆ ಲೈಬ್ರರಿಯವನು ಬಂದು ಗದರಬೇಕು, ಅಷ್ಟು ಗಲಾಟೆ.

ಹಾಗಿದ್ದ ಮಾತ್ರೆಯಮ್ಮನ ಕಣ್ಣಿಗೆ ಗ್ರಹಚಾರ ವಕ್ಕರಿಸಿತು. ಪೂರ್ತಿ ಕುರುಡಲ್ಲ. ನೋಟದ ನಟ್ಟನಡುವೆ ಯಾರೋ ಹೆಬ್ಬೆರಳು ಒತ್ತಿದ ಹಾಗೆ ಮಸುಕು. ಓರೆಯಿಂದ ಬಾಗಿಲು ಕಾಣುತ್ತೆ, ಕಿಟಕಿ ಕಾಣುತ್ತೆ, ಬಂದವರ ಸೀರೆಯ ಬಣ್ಣವೂ ಕಾಣುತ್ತೆ. ನೇರವಾಗಿ ನೋಡಿದ್ದು ಮಾತ್ರ ಕಾಣುವುದಿಲ್ಲ. ಅಕ್ಷರ ಅಂತೂ ಮುಗಿದ ಕತೆ. ಕಣ್ಣಿನ ಡಾಕ್ಟರು ಇನ್ನು ಇಷ್ಟೇ ಎಂದಾಗ ಆಕೆ ಅಳಲಿಲ್ಲ. "ಔಷಧಿ ಇಲ್ಲ ಅಂತ ನೇರವಾಗಿ ಹೇಳಿದ್ರಲ್ಲ, ಒಳ್ಳೇದಾಯ್ತು" ಅಂದರು. ನಾದಿನಿ, ಅಂದರೆ ಮೇಷ್ಟ್ರ ತಂಗಿ, ಬಂದು "ಅಯ್ಯೋ ಅತ್ತಿಗೆ, ನಿಮಗೇ ಹೀಗಾಗಬೇಕಾ" ಎಂದು ಸೆರಗು ಕಣ್ಣಿಗೊತ್ತಿದಾಗ, "ಅಳೋದಿದ್ರೆ ಹಿತ್ತಲಿಗೆ ಹೋಗಿ ಅಳು, ಬಟ್ಟೆ ಒಣಗಿದ್ಯಾ ನೋಡ್ಕೊಂಡು ಬಾ" ಅಂದರು. ಗಟ್ಟಿ ಹೆಂಗಸು.

ಆದರೆ ಬೆಳಿಗ್ಗೆ ಪತ್ರಿಕೆ ಬಂದು ಬಾಗಿಲಿಗೆ ಬಿದ್ದ ಸದ್ದಾದಾಗ ಆಕೆಯ ತಲೆ ಆ ಕಡೆ ತಿರುಗುವುದು, ತಿರುಗಿ ಸುಮ್ಮನಾಗುವುದು, ಇದನ್ನು ಮೇಷ್ಟ್ರು ನೋಡಿದರು. ಒಂದು ದಿನ ನೋಡಿದರು, ಎರಡು ದಿನ ನೋಡಿದರು. ಪತ್ರಿಕೆ ಎತ್ತಿಕೊಂಡು, ಕನ್ನಡಕ ಏರಿಸಿ, ಅಡುಗೆ ಮನೆಯ ಸ್ಟೂಲಿನ ಮೇಲೆ ಕೂತು, "ಹೇಳು, ಎಲ್ಲಿಂದ ಓದಲಿ?" ಅಂದರು.

ಮೊದಮೊದಲು ದಿನಾ ಜಗಳವೇ. ಮೇಷ್ಟ್ರು ಕಾಲೇಜಿನಲ್ಲಿ ನಾಟಕ ಆಡಿದವರು. ಸುಳಿವಿನಲ್ಲಿ 'ದುಃಖಿತ ರಾಣಿ' ಎಂದಿದ್ದರೆ ಅವರ ದನಿಯೂ ಬಿಕ್ಕುತ್ತಿತ್ತು, 'ಸೈನಿಕನ ಕೂಗು' ಎಂದಿದ್ದರೆ ಪಾತ್ರೆಗಳು ನಡುಗುತ್ತಿದ್ದವು.

"ನಾಟಕ ಬೇಡ್ರೀ! ನೀವು ರಾಣಿಗೆ ಅತ್ತುಬಿಟ್ರೆ ನಾನೂ ರಾಣಿ ಹಿಂದೇನೇ ಹೋಗ್ತೀನಿ. ಅದೇ ಅವರಿಗೆ ಬೇಕಾಗಿರೋದು. ಸಾಮಾನಿನ ಚೀಟಿ ಓದಿದ ಹಾಗೆ ಓದಿ. ಒಂದೊಂದೇ ಪದ."

ಹೀಗೆ ಬೈಸಿಕೊಂಡು ಬೈಸಿಕೊಂಡು ಮೇಷ್ಟ್ರ ದನಿ ಚಪ್ಪಟೆಯಾಯಿತು. ಆಮೇಲೆ ಅವರು ಕಂಡದ್ದು ಇದೆಯಲ್ಲ, ಅದನ್ನು ಕಂಡು ಅವರು ಬೆರಗಾಗಿಹೋದರು. ಆಕೆ ತರಕಾರಿ ಹೆಚ್ಚುತ್ತಾ, ಬೆರಳ ತುದಿಯಿಂದಲೇ ಹೋಳಿನ ಅಳತೆ ನೋಡುತ್ತಾ, ತುಟಿ ಆಡಿಸುತ್ತಾ ಇರುತ್ತಿದ್ದರು. ಪದಗಳನ್ನು ಮುರಿದು, ತಲೆಕೆಳಗು ಮಾಡಿ, ಒಂದರ ಹೊಟ್ಟೆಯಲ್ಲಿ ಇನ್ನೊಂದನ್ನು ತುರುಕಿ, ಇದ್ದಕ್ಕಿದ್ದ ಹಾಗೆ ಚಾಕು ನಿಲ್ಲಿಸಿ ಉತ್ತರ ಹೇಳಿಬಿಡುವರು. ಚೌಕಗಳೆಲ್ಲ ತಲೆಯೊಳಗೇ. "ಅಡ್ಡ ಒಂಬತ್ತರ ಐದನೇ ಮನೆ ಎಮ್ಮಾ?" ಅನ್ನುವರು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ನೋಡಿದರೆ ಅಲ್ಲಿ ಎಮ್ಮೇ! ನಲವತ್ತು ವರ್ಷ ಒಂದೇ ಸೂರಿನಡಿ ಬಾಳಿದವರು, ಹೆಂಡತಿಯ ತಲೆಯೊಳಗೆ ಇಷ್ಟು ದೊಡ್ಡ ಕಾರ್ಖಾನೆ ಓಡುತ್ತಿದೆ ಎಂದು ಅವರಿಗೆ ಗೊತ್ತೇ ಇರಲಿಲ್ಲ. ಹೆಮ್ಮೆಯಿಂದ ಅವರ ಎದೆ ಉಬ್ಬಿತು, ಜೊತೆಗೆ ಇಷ್ಟು ದಿನ ನೋಡದೆ ಹೋದೆನಲ್ಲಾ ಎಂದು ನಾಚಿಕೆಯೂ ಆಯಿತು.

ಇನ್ನು ಎಡವಟ್ಟಿಗೆ ಬರೋಣ.

ಒಂದು ದಿನ ಒಂದು ಸುಳಿವು ಬಂತು. ಇಂಗ್ಲಿಷಿನಲ್ಲಿ ಇದ್ದದ್ದರ ಸಾರ ಇಷ್ಟು: ಮನೆಯ ಪುಟ್ಟ ಬೆಳಕನ್ನು ಇಡುವುದು ಇಲ್ಲಿ. ಏಳಕ್ಷರ. ಮಾತ್ರೆಯಮ್ಮ ಕೂಡಲೇ "ಲ್ಯಾಂಟರ್ನ್!" ಅಂದರು. ಮೇಷ್ಟ್ರು ಬರೆಯಲು ಹೋದರೆ, ಮೊದಲನೇ ಮನೆಯಲ್ಲಿ ಆಗಲೇ ಎನ್ ಕೂತಿತ್ತು. ಮೇಲಿನಿಂದ ಇಳಿದ ಇನ್ನೊಂದು ಪದದ ಅಕ್ಷರ ಅದು. ಲ್ಯಾಂಟರ್ನ್ ಶುರುವಾಗುವುದು ಎಲ್ ಅಕ್ಷರದಿಂದ. ಕೂರುವುದಿಲ್ಲ. ಕಿವಿಯಲ್ಲೇ ಪದಬಂಧ ಬಿಡಿಸುವುದು ಆಕೆಗೂ ಹೊಸದಲ್ಲವೇ, ಆ ಒಂದು ಎನ್ ತಲೆಯಿಂದ ಜಾರಿತ್ತು ಅಷ್ಟೇ.

ಮೇಷ್ಟ್ರು ತಲೆ ಎತ್ತಿ ನೋಡಿದರು. ಕಣ್ಣು ಹೋದ ಮೇಲೆ ಮೊದಲ ಸಲ ಆಕೆಯ ಮುಖ ಅರಳಿತ್ತು. ಎಲ್ಲೋ ನೋಡುತ್ತಾ, "ಕೂತಿತಾ?" ಎಂದು ಕೇಳುತ್ತಿದ್ದರು. ಮೇಷ್ಟ್ರ ಕಾಲು ತಾನೇ ತಾನಾಗಿ ನೆಲಕ್ಕೆ ಒತ್ತಿಕೊಂಡಿತು.

"ಭೇಷ್! ಸರಿಯಾಗಿ ಕೂತಿತು ಕಣೇ" ಅಂದುಬಿಟ್ಟರು.

ಅಂದು, ಒಂದು ಸಣ್ಣ ಸುಳ್ಳಿನಿಂದ ಯಾರ ಗಂಟು ಹೋಗುತ್ತೆ ಎಂದುಕೊಂಡರು. ಅವರು ಕಾರಿನವರು. ಕಾರಿನಲ್ಲಿ ಒಮ್ಮೆ ಬ್ರೇಕ್ ಒತ್ತಿದರೆ ಆ ಗಂಡಾಂತರ ಅಲ್ಲಿಗೇ ಮುಗಿಯಿತು. ಪದಬಂಧದಲ್ಲಿ ಹಾಗಲ್ಲವಲ್ಲ! ಒಂದು ಪದದ ಮೇಲೆ ಇನ್ನು ಮೂರು ನಾಲ್ಕು ಪದ ಹಾದುಹೋಗುತ್ತವೆ. ಮೂರನೇ ಮನೆಯಲ್ಲಿ ಇಲ್ಲದ ಎನ್ ಆಕೆಯ ತಲೆಯಲ್ಲಿ ಕೂತಿತು, ಏಳನೇ ಮನೆಯಲ್ಲೂ ಕೂತಿತು. ಸ್ವಲ್ಪ ಹೊತ್ತಿಗೆ, ಕೆಳಗಿಳಿಯುವ ಒಂದು ಪದಕ್ಕೆ ಬಂದು ಆಕೆ ಗಕ್ಕನೆ ನಿಂತರು.

"ಇದು ಪ್ಯಾರಟ್ ಅಂತ ಸುಳಿವು ಕೂಗಿ ಹೇಳ್ತಿದೆ ರೀ. ಆದ್ರೆ ಮೂರನೇ ಮನೆಯಲ್ಲಿ ಎನ್ ಇದೆಯಲ್ಲ? ಪ್ಯಾರಟ್‌ಗೆ ಎನ್ ಎಲ್ಲಿಂದ ತರಲಿ?"

ಅಲ್ಲಿ ಬೇಕಾಗಿದ್ದದ್ದು ಆರ್. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, "ಇರಲಿ ಬಿಡು, ಬೇರೆ ನೋಡೋಣ" ಅಂದರು. ಆಕೆ ಬಿಡುವವರಲ್ಲ. ಪ್ಯಾರಟ್ ಅನ್ನು ಹಿಂದೆ ಮುಂದೆ ಮಾಡಿ ಮಾಡಿ, ಕೊನೆಗೆ ಕೈಚೆಲ್ಲಿ, "ನನಗೇ ತಪ್ಪಿತು ಅನ್ಸುತ್ತೆ" ಅಂದರು. ಆಕೆಯ ಬಾಯಲ್ಲಿ ಆ ಮಾತು ಬಂದದ್ದು ಮೇಷ್ಟ್ರು ಕೇಳಿರಲೇ ಇಲ್ಲ.

ಸುಳ್ಳು ಶುರುಮಾಡುವುದು ಸಲೀಸು. ಮರುದಿನ ಇನ್ನೊಂದು ಪದ ತಪ್ಪಿದಾಗ, ನಿನ್ನೆ ಹೂಂ ಅಂದವರು ಇವತ್ತು ಊಹೂಂ ಅನ್ನುವುದು ಹೇಗೆ? ಮತ್ತೆ ಭೇಷ್, ಮತ್ತೆ ಕೂತಿತು. ಪತ್ರಿಕೆಯ ಮೇಲೆ ಒಂದೇ ಮನೆಯಲ್ಲಿ ಎರಡೆರಡು ಅಕ್ಷರ ತುಂಬಿಕೊಂಡವು. ಪಕ್ಕದ ಬೀದಿಯಿಂದ ಮಗಳು ಬಂದವಳು ಅದನ್ನು ಎತ್ತಿ ನೋಡಿ, "ಇದೇನಪ್ಪಾ, ಕೋಳಿ ಕೆದಕಿದ ಹಾಗಿದೆ? ಎಲ್ಲಿಗೆ ಬೇಕೆಂದರಲ್ಲಿಗೆ ಪದ ತುರುಕಿದ್ದೀಯ" ಅಂದಳು. ಮೇಷ್ಟ್ರು ಕಣ್ಸನ್ನೆ ಮಾಡಿ, ತೋಳು ಹಿಡಿದು ಹೊರಗೆ ಎಳೆದುಕೊಂಡು ಹೋಗಿ ವಿಷಯ ಹೇಳಿದರು.

ಮಗಳು ಅಮ್ಮನ ಮಗಳೇ. "ಅಪ್ಪಾ, ಅಮ್ಮನಿಗೆ ಗೊತ್ತಾದ್ರೆ ನಿನ್ನ ಕತೆ ಮುಗೀತು. ಗೊತ್ತಾಗದೆ ಇದ್ರೆ ಅಮ್ಮನ ಕತೆ ಮುಗೀತು" ಅಂದಳು.

"ಇರಲಿ, ಸ್ವಲ್ಪ ಧೈರ್ಯ ಬರಲಿ ಅಂತ ಅಷ್ಟೇ."

"ಧೈರ್ಯ ಎಲ್ಲಿ ಬಂದಿದೆ? ಮುಖ ನೋಡಿದ್ಯಾ?"

ನೋಡಿದ್ದರು. ನೋಡಿಯೂ ನೋಡದ ಹಾಗೆ ಇದ್ದರು. ಮಾತ್ರೆಯಮ್ಮ ಇಳಿದುಹೋಗಿದ್ದರು. ಒಂದೇ ಸುಳಿವನ್ನು ಮತ್ತೆ ಮತ್ತೆ ಓದಿಸುವರು, ಉತ್ತರ ನಾಲಿಗೆಯ ತುದಿಗೆ ಬಂದದ್ದನ್ನು ನುಂಗುವರು. ಒಲೆ ಆರಿಸಿದೆನಾ ಎಂದು ನಾಲ್ಕು ಸಲ ಕೇಳುವರು. ಮೊದಲು ಆಕೆಗೆ ಬೇರೆಯವರ ಚೀಟಿಯ ಮೇಲೆ ಅನುಮಾನ ಇತ್ತು. ಈಗ ತಮ್ಮ ಮೇಲೇ ಅನುಮಾನ ಬಂದಿತ್ತು.

ಆ ಶುಕ್ರವಾರ ಬೆಳಿಗ್ಗೆ ಹಲ್ಲಿನ ಡಾಕ್ಟರಮ್ಮ ಫೋನ್ ಮಾಡಿದ್ದರು. ನಾಳೆ ಮೇಜಿಗೆ ಬರಲೇಬೇಕು, ಎಷ್ಟು ತಿಂಗಳಾಯಿತು, ನಾವು ಓದುತ್ತೇವೆ, ನೀವು ಬಿಡಿಸಿ ಎಂದು. ಮಾತ್ರೆಯಮ್ಮ ಆಮೇಲೆ ಹೇಳುತ್ತೇನೆ ಎಂದು ಇಟ್ಟರು. ಇಟ್ಟವರು ಅಲ್ಲೇ ಕುರ್ಚಿಯಲ್ಲಿ ಕೂತರು.

"ರೀ, ನೀವೇ ಫೋನ್ ಮಾಡಿ ಹೇಳಿಬಿಡಿ. ನನ್ನ ಕುರ್ಚಿಗೆ ಬೇರೆ ಯಾರನ್ನಾದ್ರೂ ಕರ್ಕೊಳ್ಳಲಿ."

"ಯಾಕೆ? ನಾನೇ ಕರ್ಕೊಂಡು ಹೋಗ್ತೀನಿ, ಮೆಟ್ಟಿಲಿಗೆಲ್ಲಾ ಹೆದರಬೇಡ."

"ಮೆಟ್ಟಿಲು ಅಲ್ಲ. ಕಣ್ಣು ಹೋಯ್ತು, ಹೋಗಲಿ ಅಂದುಕೊಂಡೆ. ಈಗ ತಲೆನೂ ಹೋಗ್ತಾ ಇದೆ ರೀ. ಸರಿಯಾಗೇ ಯೋಚಿಸ್ತೀನಿ, ಮನೆ ಬೇರೆ ಅಕ್ಷರ ಕೇಳುತ್ತೆ. ದಿನಾ ಹೀಗೇ. ನಮ್ಮಮ್ಮನಿಗೂ ಕೊನೆಗೆ ಹೀಗೇ ಶುರುವಾಗಿದ್ದು. ಆ ಮೇಜಿನವರ ಮುಂದೆ ಹೋಗಿ ಮರ್ಯಾದೆ ಕಳ್ಕೊಳ್ಳೋಕೆ ನನ್ನ ಕೈಲಿ ಆಗಲ್ಲ."

ಕಲಿಯುವವರಿಗೆ ಮಾಡಿದ ಉಪಕಾರವನ್ನೇ ಇವಳಿಗೂ ಮಾಡುತ್ತಿದ್ದೇನೆಂದು ಮೇಷ್ಟ್ರು ತಿಳಿದಿದ್ದರು. ಮಾಡಿದ್ದು ಏನು? ಇಷ್ಟು ಚೆನ್ನಾಗಿ ನಡೆಯುವ ತಲೆಯನ್ನು ಕೆಟ್ಟಿದೆ ಎಂದು ಅವಳೇ ನಂಬುವ ಹಾಗೆ ಮಾಡಿದ್ದರು. ಫೋನಿನ ಹತ್ತಿರ ಹೋದವರು ವಾಪಸು ಬಂದು ಆಕೆಯ ಎದುರಿಗೆ, ನೆಲದ ಮೇಲೇ ಕೂತರು.

"ತಲೆ ಸರಿಯಾಗೇ ಇದೆ ಕಣೇ. ನಾನು ಸುಳ್ಳು ಹೇಳ್ತಿದ್ದೆ. ನೀನು ತಪ್ಪು ಹೇಳಿದಾಗಲೂ ಕೂತಿತು ಅಂದೆ. ಲ್ಯಾಂಟರ್ನ್ ಕೂತಿರಲಿಲ್ಲ. ಅಲ್ಲಿ ಎನ್ ಇತ್ತು."

ಮಾತ್ರೆಯಮ್ಮ ಅವರ ದನಿಯ ಕಡೆಗೆ ತಲೆ ತಿರುಗಿಸಿದರು.

"ಮೊದಲನೇ ಮನೆಯಲ್ಲಾ?"

"ಹೂಂ."

"ನರ್ಸರಿ" ಅಂದರು ಆಕೆ ಮೆಲ್ಲಗೆ. "ಮನೆಯ ಪುಟ್ಟ ಬೆಳಕು ಅಂದ್ರೆ ಮಗು. ಮಗು ಮಲಗೋ ಕೋಣೆ. ಹಾಗಾದ್ರೆ ಮೂರನೇ ಮನೆ ಆರ್." ತಟ್ಟನೆ ಕುರ್ಚಿಯಿಂದ ಎದ್ದೇಬಿಟ್ಟರು. "ಪ್ಯಾರಟ್! ರೀ, ಪ್ಯಾರಟ್ ಸರಿಯಾಗಿತ್ತು!"

"ಸರಿಯಾಗಿತ್ತು."

"ಹಳೇ ಪೇಪರ್ ತನ್ನಿ. ಎಲ್ಲಾ ತನ್ನಿ."

ರದ್ದಿಯ ಗೂಡಿನಿಂದ ಮೇಷ್ಟ್ರು ಎಲ್ಲವನ್ನೂ ಹೊತ್ತು ತಂದರು. ಒಂದೊಂದೇ ಸುಳ್ಳನ್ನು ಹೊರಗೆ ಹಾಕಿದರು. ಒಂದೊಂದು ಸುಳ್ಳು ಹೊರಬಿದ್ದ ಹಾಗೆಲ್ಲ ಅದರಡಿ ಸಿಕ್ಕಿಕೊಂಡಿದ್ದ ಪದಗಳನ್ನು ಆಕೆ ಪಟಪಟನೆ ಹೇಳುತ್ತಾ ಹೋದರು. ಕುಕ್ಕರಿನಲ್ಲಿ ಇಟ್ಟದ್ದು ತಳ ಹಿಡಿಯಿತು, ಇಬ್ಬರಿಗೂ ಗೊತ್ತಾಗಲಿಲ್ಲ. ಎಲ್ಲ ಮುಗಿದ ಮೇಲೆ ಮಾತ್ರೆಯಮ್ಮ ನಕ್ಕರು, ನಗುತ್ತಾ ನಗುತ್ತಾ ಅಳತೊಡಗಿದರು. ಕಣ್ಣು ಹೋದಾಗ ಅಳದಿದ್ದ ಹೆಂಗಸು ಬಿಕ್ಕಿ ಬಿಕ್ಕಿ ಅತ್ತರು. ಮೇಷ್ಟ್ರು ಭುಜ ಮುಟ್ಟಲು ಹೋದರೆ ಕೈ ಕೊಡವಿದರು.

"ಮುಟ್ಟಬೇಡಿ! ನನ್ನನ್ನೂ ನಿಮ್ಮ ಕಾರಿನಲ್ಲಿ ಕೂರಿಸಿಕೊಂಡ್ರಾ? ನೀವು ಬ್ರೇಕ್ ಒತ್ತಿ ನಾನು ನಿಲ್ಲಿಸಿದೆ ಅಂದ್ರಾ? ನನ್ನ ಕೈಲಿ ಉಳಿದಿರೋದು ಇದೊಂದೇ ರೀ, ಯಾವುದು ಸರಿ ಯಾವುದು ತಪ್ಪು ಅಂತ ತಿಳಿಯೋದು. ಅದನ್ನೂ ಕಿತ್ಕೊಂಡ್ರಿ. ಹದಿನೈದು ದಿನದಿಂದ ಹೆದರಿ ಸಾಯ್ತಾ ಇದ್ದೀನಿ."

"ತಪ್ಪಾಯ್ತು ಕಣೇ" ಅಂದರು ಮೇಷ್ಟ್ರು. ಅವರ ಮುಖ ಇಷ್ಟೇ ಇಷ್ಟು ಆಗಿತ್ತು. "ನೀನು ಅವತ್ತು ನಕ್ಕಿದ್ದೆ. ಅದನ್ನ ನೋಡಿ ನಾಲಿಗೆ ತಪ್ಪು ಅನ್ನೋಕೆ ಏಳಲಿಲ್ಲ."

ಆ ದಿನ ತಳ ಹಿಡಿದದ್ದನ್ನೇ ಇಬ್ಬರೂ ತಲೆ ತಗ್ಗಿಸಿ ತಿಂದರು. ಕೈ ತೊಳೆಯುವಾಗ ಆಕೆ, ಗೋಡೆಯ ಕಡೆ ಮುಖ ಮಾಡಿ, "ನಾಳೆ ಲೈಬ್ರರಿಗೆ ಹತ್ತೂವರೆಗೆ ಹೊರಡಬೇಕು" ಅಂದರು. ಮೇಷ್ಟ್ರು ಹೋಗಿ ಆಕೆಯ ಚಪ್ಪಲಿ ಒರೆಸಿಟ್ಟರು.

ಲೈಬ್ರರಿಯ ಮೂಲೆಯ ಮೇಜಿನವರು ಎದ್ದು ನಿಂತು ಬರಮಾಡಿಕೊಂಡರು. ಹಲ್ಲಿನ ಡಾಕ್ಟರಮ್ಮ ಕುರ್ಚಿ ಎಳೆದು ಕೊಟ್ಟರು, ನಕ್ಷೆಯ ಮುದುಕರು ನೀರಿನ ಲೋಟವನ್ನು ಕೈಗೇ ಇಟ್ಟರು. ಎಲ್ಲರ ದನಿಯೂ ಮೆತ್ತಗಾಗಿತ್ತು, ಕಾಯಿಲೆಯವರ ಕೋಣೆಗೆ ಬಂದ ಹಾಗೆ. ಮೊದಲು ಇದೇ ಮೇಜಿನಲ್ಲಿ ತಪ್ಪು ಉತ್ತರ ಹೇಳಿದವರ ಚರ್ಮ ಸುಲಿಯುತ್ತಿದ್ದರು ಇವರು. ಮೇಷ್ಟ್ರು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಓದತೊಡಗಿದರು. ಮಾತ್ರೆಯಮ್ಮ ಒಂದಾದ ಮೇಲೊಂದು ಹೇಳುತ್ತಾ ಹೋದರು. ಮೇಜಿನವರ ಪೆನ್ಸಿಲ್ಲುಗಳು ಓಡಿ ಓಡಿ ದಣಿದವು. ಕಣ್ಣಿದ್ದ ಇಬ್ಬರೂ ಆಕೆಯ ಹಿಂದೆ ಏದುಸಿರು ಬಿಡುತ್ತಾ ಬರುತ್ತಿದ್ದರು.

ಆಗ ಒಂದು ಸುಳಿವು ಬಂತು. ಖಾಲಿಯಾದರೆ ಮುಂದೆ ಹೋಗಲಾರೆವು. ಏಳಕ್ಷರ, ಮೊದಲನೆಯದು ಬಿ.

"ಬ್ಯಾಲೆನ್ಸ್" ಅಂದರು ಮಾತ್ರೆಯಮ್ಮ ಗಟ್ಟಿಯಾಗಿ. "ಬ್ಯಾಂಕಿನ ಬ್ಯಾಲೆನ್ಸು!"

ಮೇಷ್ಟ್ರು ಚೌಕ ನೋಡಿದರು. ಮೂರನೇ ಮನೆಯಲ್ಲಿ ಟಿ ಇತ್ತು. ತಲೆ ಎತ್ತಿದರು. ಡಾಕ್ಟರಮ್ಮನೂ ಅದನ್ನು ನೋಡಿದ್ದರು, ಮುದುಕರೂ ನೋಡಿದ್ದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುದುಕರು ಮೆಲ್ಲಗೆ ಕೆಮ್ಮಿದರು. ಡಾಕ್ಟರಮ್ಮ, "ಹೂಂ, ಚೆನ್ನಾಗಿದೆ, ಬರ್ಕೊಳ್ಳೋಣ" ಅಂದರು.

ಮಾತ್ರೆಯಮ್ಮನ ಮುಖ ಅರಳಿತ್ತು.

"ತಪ್ಪು" ಅಂದರು ಮೇಷ್ಟ್ರು. ಎಷ್ಟು ಜೋರಾಗಿ ಅಂದರೆ ಆಚೆ ಮೇಜಿನವರು ತಿರುಗಿ ನೋಡಿದರು. "ಕೂರಲ್ಲ. ಮೂರನೇ ಮನೆಯಲ್ಲಿ ಟಿ ಇದೆ."

ಡಾಕ್ಟರಮ್ಮ ಮೇಷ್ಟ್ರನ್ನು ಸುಟ್ಟುಬಿಡುವ ಹಾಗೆ ನೋಡಿದರು. ಮುದುಕರು "ಪಾಪ, ಮೆಲ್ಲಗೆ ಹೇಳಬಹುದಿತ್ತಲ್ಲ" ಎಂದು ಗೊಣಗಿದರು. ಮಾತ್ರೆಯಮ್ಮನ ತುಟಿ ಆಡುತ್ತಿತ್ತು. ಬಿ, ಎ, ಟಿ. ಬೆರಳು ಮೇಜಿನ ಮೇಲೆ ಮನೆಗಳನ್ನು ಎಣಿಸುತ್ತಿತ್ತು.

"ಬ್ಯಾಟರಿ!" ಎಂದು ಮೇಜು ಗುದ್ದಿದರು. "ಕಾರಿನವರನ್ನ ಪಕ್ಕದಲ್ಲೇ ಕೂರಿಸ್ಕೊಂಡು ಬ್ಯಾಟರಿ ಹೊಳೀಲಿಲ್ಲವಲ್ಲ ನನಗೆ! ಇವರಿಗೂ ಹೊಳೀಲಿಲ್ಲ ನೋಡಿ!"

ಎಲ್ಲರೂ ನಕ್ಕರು. ಮಾತ್ರೆಯಮ್ಮ ಪಕ್ಕಕ್ಕೆ ಕೈ ಚಾಚಿ, ತಡವರಿಸಿ, ಗಂಡನ ತೋಳನ್ನು ಹುಡುಕಿ ಗಟ್ಟಿಯಾಗಿ ಹಿಡಿದುಕೊಂಡರು. ಆಮೇಲೆ ಡಾಕ್ಟರಮ್ಮನ ದನಿ ಬಂದ ಕಡೆಗೆ ತಿರುಗಿದರು.

"ನೀವು ಓದ್ತೀನಿ ಅಂದ್ರಿ, ಸಂತೋಷ. ಆದ್ರೆ ನನಗೆ ಓದೋಕೆ ಇವರೇ ಬೇಕು" ಅಂದರು.